ಶನಿಗೆ ನಮ್ಮ ಮೇಲೆ ಹಗೆಯಿಲ್ಲ

(ಬನ್ನೂರಿನಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಇಲ್ಲಿಗೆ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ಕೆಲಸ ಹೋದರೂ, ವ್ಯಾಪಾರ ಕುಸಿದರೂ ನಾವು ಮೊದಲು ಆಡುವ ಮಾತು ಒಂದೇ: 'ಗ್ರಹಚಾರ ಸರಿಯಿಲ್ಲ.' ಆ ಗ್ರಹಗಳು ಎಲ್ಲಿವೆ, ಹೇಗಿವೆ? ಇಂದು ಒಂದು ಸುತ್ತು ನೋಡಿಬರೋಣ.

ಭೂಮಿಗೂ ಸೂರ್ಯನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರು ದೂರ. ಅದನ್ನು ಒಂದೇ ಕಿಲೋಮೀಟರಿಗೆ ಕುಗ್ಗಿಸಿ, ಸೂರ್ಯನನ್ನು ಬನ್ನೂರಿನಲ್ಲಿ ಇಡೋಣ. ಆಗ ಅದು 9 ಮೀಟರು ಅಗಲದ ಬೆಂಕಿಯ ಗುಂಡು. ಎರಡಂತಸ್ತಿನ ಮನೆಗಿಂತ ಎತ್ತರ.

ಇನ್ನು ಮೈಸೂರು ರಸ್ತೆ ಹಿಡಿಯೋಣ. 400 ಮೀಟರಿನಲ್ಲಿ ನೆಲ್ಲಿಕಾಯಿಯಷ್ಟು ಬುಧ. 700 ಮೀಟರಿನಲ್ಲಿ ಮೂಸಂಬಿಯಷ್ಟು ಶುಕ್ರ. 'ಬೆಳ್ಳಿ ಮೂಡಿತು' ಎಂದು ರೈತ ನೇಗಿಲು ಹೊತ್ತು ಹೊರಡುತ್ತಿದ್ದನಲ್ಲ, ಆ ಬೆಳ್ಳಿ ಇದೇ. ಕಣ್ಣಿಗೆ ತಂಪು, ಅಲ್ಲಿನ ನೆಲವೋ ಸೀಸ ಕರಗುವಷ್ಟು ಬಿಸಿ. ಒಂದು ಕಿಲೋಮೀಟರಿನಲ್ಲಿ ಇನ್ನೊಂದು ಮೂಸಂಬಿ, ನಮ್ಮ ಭೂಮಿ. ಒಂದೂವರೆಯಲ್ಲಿ ನಿಂಬೆಹಣ್ಣಿನಷ್ಟು ಮಂಗಳ. ಹೆಣ್ಣುಮಕ್ಕಳ ಮದುವೆಗೆ ಅಡ್ಡ ಬರುತ್ತದೆನ್ನುವ ಕುಜ ಇದೇ. 2014ರ ಸೆಪ್ಟೆಂಬರ್ 24ರಂದು ನಮ್ಮ ದೇಶದ ಮಂಗಳಯಾನ ನೌಕೆ ಅದನ್ನು ಸುತ್ತತೊಡಗಿತು. ಬೆಂಗಳೂರಿನಲ್ಲಿ ಕುಳಿತ ವಿಜ್ಞಾನಿಗಳು ಅದನ್ನು ನಡೆಸಿದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಮುಂದಿನ ಊರುಗಳು ದೂರ ದೂರ. 5 ಕಿಲೋಮೀಟರು ದಾಟಿದರೆ ಎರಡು ಮೊಳ ಅಗಲದ ಗುರು. ಒಂಬತ್ತೂವರೆಯಲ್ಲಿ ಶನಿ, ಗುರುವಿಗಿಂತ ತುಸು ಚಿಕ್ಕದು, ಸುತ್ತಲೂ ಮಂಜುಗಡ್ಡೆಯ ಚೂರುಗಳ ಬಳೆ. 19ರಲ್ಲಿ ಯುರೇನಸ್, ಮೈಸೂರನ್ನೂ ದಾಟಿ 30ರಲ್ಲಿ ನೆಪ್ಚೂನ್, ಎರಡೂ ಕುಂಬಳಕಾಯಿಯಷ್ಟು. ಇವನ್ನು ದೂರದರ್ಶಕದಲ್ಲಿ ಗುರುತಿಸಿದ್ದು 1781 ಮತ್ತು 1846ರಲ್ಲಿ. ಆದ್ದರಿಂದ ನವಗ್ರಹಗಳಲ್ಲಿ ಇವಿಲ್ಲ. ಅಲ್ಲಿರುವ ರಾಹು ಕೇತುಗಳಾದರೋ ಗುಂಡುಗಳೇ ಅಲ್ಲ. ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಎರಡು ತಾಣಗಳು.

ಈಗ ಶನಿಯ ಲೆಕ್ಕ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ರಾಶಿಗಳು ಹನ್ನೆರಡು, ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು ಸೇರಿದರೆ ಏಳೂವರೆ. ಸಾಡೇಸಾತಿ ಎಂದರೆ ಇಷ್ಟೇ. ಬರಿಗಣ್ಣಿನಲ್ಲಿ ಈ ಚಲನೆಯನ್ನು ಅಳೆದ ಹಿರಿಯರ ಜಾಣತನಕ್ಕೆ ಕೈಮುಗಿಯೋಣ. ಆದರೆ ಒಂದು ಮಾತು ಕೇಳಿ. ಯಾವ ಹೊತ್ತಿನಲ್ಲಿ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು ಈ ಲೆಕ್ಕಕ್ಕೆ ಸಿಕ್ಕಿರುತ್ತಾರೆ. ಅವರಲ್ಲಿ ಕೂಲಿಗಾರನೂ ಉಂಟು, ಮಾಲೀಕನೂ ಉಂಟು. ಸಾಲ ಪಡೆದವನೂ ಉಂಟು, ಬಡ್ಡಿ ಎಣಿಸುವವನೂ ಉಂಟು. ಎಲ್ಲರಿಗೂ ಒಂದೇ ಕಷ್ಟ ಬಂದುದನ್ನು ನೀವು ಕಂಡಿದ್ದೀರಾ?

ಗುಡಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಸಾಲ ತೆಗೆದು ಶನಿಶಾಂತಿ ಮಾಡಿಸಬೇಡಿ. ಆ ಸಾಲವೇ ಏಳೂವರೆ ವರ್ಷ ಕಾಡೀತು. ಹೋದ ಕೆಲಸದ ಕಾರಣವನ್ನು ನೂರು ಕೋಟಿ ಕಿಲೋಮೀಟರಿನಾಚೆ ಹುಡುಕದೆ ಇಲ್ಲೇ ಹುಡುಕಿ.

ಮನೆಗೆ ಹೋದ ಮೇಲೆ ಮಕ್ಕಳನ್ನು ಅಂಗಳಕ್ಕೆ ಕರೆಯಿರಿ. ಮಿನುಗದೆ ನಿಶ್ಚಲವಾಗಿ ಬೆಳಗುವ ಚುಕ್ಕಿ ಕಂಡರೆ ಬಹುಮಟ್ಟಿಗೆ ಅದು ಗ್ರಹ. ಅದನ್ನು ತೋರಿಸಿ, ಹೆದರಿಸಬೇಡಿ.