ನರ್ಸರಿಗೊಂದು ದೂರವಾಣಿ ಸಂಖ್ಯೆ



ಬೇಸಾಯದ ಜೊತೆಗೆ ಒಂದಲ್ಲ ಒಂದು ಉಪಕಸುಬನ್ನು ಕೈಗೊಳ್ಳುವವರು ಈಗ ಪ್ರತಿ ಊರಿನಲ್ಲಿಯೂ ಇದ್ದಾರೆ. ತರಕಾರಿ ಸಸಿಗಳ ನರ್ಸರಿ, ಅಣಬೆ, ಜೇನು, ಗಾಣದ ಎಣ್ಣೆ, ಆಲೆಮನೆಯ ಬೆಲ್ಲ, ಬಾಡಿಗೆಯ ಟ್ರ್ಯಾಕ್ಟರು, ಹೀಗೆ ಇವು ಹಲವು ಬಗೆ. ಇಂಥ ಕಸುಬನ್ನು ಪ್ರಾರಂಭಿಸುವಾಗ ಜಾಗ, ನೀರು, ವಿದ್ಯುತ್ತು, ಸಾಲ ಇವುಗಳ ಬಗ್ಗೆ ತಿಂಗಳುಗಟ್ಟಲೆ ಆಲೋಚನೆ ನಡೆಯುತ್ತದೆ. ದೂರವಾಣಿ ಸಂಖ್ಯೆಯ ಬಗ್ಗೆ ಮಾತ್ರ ಯಾರೂ ಆಲೋಚಿಸುವುದಿಲ್ಲ. ಫಲಕ ಬರೆಯುವವನು ಬಂದು "ನಂಬರು ಹೇಳಿ" ಎಂದು ಕೇಳಿದಾಗ, ಆ ಹೊತ್ತಿಗೆ ಜೇಬಿನಲ್ಲಿ ಯಾವ ಫೋನಿದೆಯೋ ಅದರ ನಂಬರನ್ನೇ ಹೇಳಿಬಿಡುವುದು ರೂಢಿ. ಅದೇ ಸಂಖ್ಯೆ ಮುಂದೆ ಚೀಟಿಯಲ್ಲಿ, ಬಿಲ್ಲಿನಲ್ಲಿ, ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ನೂರಾರು ಗಿರಾಕಿಗಳ ಫೋನಿನಲ್ಲಿ ನಿಂತುಬಿಡುತ್ತದೆ. ಆಮೇಲೆ ಅದನ್ನು ಬದಲಾಯಿಸುವುದು ಕೊಳವೆ ಬಾವಿಯನ್ನು ಬದಲಾಯಿಸಿದಷ್ಟೇ ಕಷ್ಟ.

ನರ್ಸರಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಟೊಮ್ಯಾಟೊ ಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ 98 ಗುಳಿಗಳ ಟ್ರೇಗಳಲ್ಲಿ ಬೆಳೆಸುವುದು ಸಾಮಾನ್ಯ. ಬಿತ್ತಿದ 25ರಿಂದ 30 ದಿನಗಳಲ್ಲಿ ಸಸಿ ನಾಟಿಗೆ ಸಿದ್ಧವಾಗುತ್ತದೆ. ಅದಕ್ಕಿಂತ ಹೆಚ್ಚು ದಿನ ಟ್ರೇಯಲ್ಲೇ ನಿಂತರೆ ಸಸಿ ನೀಳವಾಗಿ ಬಾಗುತ್ತದೆ, ಬೇರು ಗುಳಿಯೊಳಗೇ ಸುತ್ತಿಕೊಳ್ಳುತ್ತದೆ. ಅಂಥ ಸಸಿಯನ್ನು ತಿಳಿದ ರೈತ ಕೊಳ್ಳುವುದಿಲ್ಲ. ಅಂದರೆ ಮಾಲು ಹೊರಡಬೇಕಾದದ್ದು ಕೆಲವೇ ದಿನಗಳ ಅವಧಿಯಲ್ಲಿ. ಆ ಅವಧಿಯಲ್ಲಿ ಗಿರಾಕಿಯ ಕರೆ ತಪ್ಪಿದರೆ ಆತ ಪಕ್ಕದ ನರ್ಸರಿಗೆ ಹೋಗುತ್ತಾನೆ. ಇಲ್ಲಿಯ ಟ್ರೇ ತಿಪ್ಪೆಗೆ ಹೋಗುತ್ತದೆ.

ಒಂದು ಕಾಲದಲ್ಲಿ ಹಳ್ಳಿಗೆ ದೂರವಾಣಿ ಬರುವುದೇ ದೊಡ್ಡ ಸಂಗತಿಯಾಗಿತ್ತು. ದೇಶದಲ್ಲೇ ರೂಪಿಸಿದ ಸಣ್ಣ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲು ಸ್ಥಾಪಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಆಗ ಸಂಖ್ಯೆಯನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಇಲಾಖೆ ಕೊಟ್ಟದ್ದೇ ಸಂಖ್ಯೆ. ಈಗ ಆರಿಸುವ ಅವಕಾಶವಿದೆ.

ಮೊದಲು ಗಮನಿಸಬೇಕಾದದ್ದು ಸಂಖ್ಯೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು. ಮೊಬೈಲ್ ಸಂಖ್ಯೆ ಯಾರ ಕೈಯಲ್ಲಿದೆಯೋ ಅವರದಲ್ಲ. ಯಾರ ಗುರುತಿನ ದಾಖಲೆಯ ಮೇಲೆ ಸಿಮ್ ಕೊಂಡಿದೆಯೋ ಅವರದು. ಹಳ್ಳಿಗಳಲ್ಲಿ ಪೇಟೆಗೆ ಹೋದ ಹುಡುಗನೊಬ್ಬ ತನ್ನ ಆಧಾರ್ ತೋರಿಸಿ ಸಿಮ್ ತರುತ್ತಾನೆ, ಮನೆಯವರೆಲ್ಲ ಬಳಸುತ್ತಾರೆ. ಅಣ್ಣ ತಮ್ಮಂದಿರಿಬ್ಬರು ಕೂಡಿ ನಡೆಸುವ ನರ್ಸರಿಯೊಂದನ್ನು ಭಾವಿಸಿಕೊಳ್ಳಿ. ಅಣ್ಣ ಸಸಿಗಳನ್ನು ನೋಡಿಕೊಳ್ಳುತ್ತಾನೆ, ತಮ್ಮ ಮಾರಾಟ ನೋಡಿಕೊಳ್ಳುತ್ತಾನೆ. ಫಲಕದ ಮೇಲಿರುವುದು ತಮ್ಮನ ಸಂಖ್ಯೆ. ಐದಾರು ವರ್ಷಗಳ ನಂತರ ಇಬ್ಬರೂ ಬೇರೆಯಾಗುತ್ತಾರೆ. ಪಾಲುಪಟ್ಟಿಯಲ್ಲಿ ಟ್ರೇಗಳ ಲೆಕ್ಕ ಇರುತ್ತದೆ, ನೆರಳು ಪರದೆಯ ಲೆಕ್ಕ ಇರುತ್ತದೆ, ಮೋಟಾರಿನ ಲೆಕ್ಕವೂ ಇರುತ್ತದೆ. ದೂರವಾಣಿ ಸಂಖ್ಯೆಯ ಮಾತು ಎಲ್ಲಿಯೂ ಬರುವುದಿಲ್ಲ. ತಮ್ಮ ಸಿಮ್ ಸಹಿತ ಹೊರಟುಹೋದ ಮೇಲೆ, ನರ್ಸರಿ ಅಣ್ಣನ ಪಾಲಿಗೆ ಬಂದಿದ್ದರೂ ಗಿರಾಕಿಗಳು ತಮ್ಮನ ಪಾಲಿಗೆ ಹೋಗಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಇಬ್ಬರಿಗೂ ಅದೊಂದು ಆಸ್ತಿ ಎಂದು ಹೊಳೆದಿರಲಿಲ್ಲ, ಅಷ್ಟೆ.

ಆದ್ದರಿಂದ ಉದ್ಯಮದ ಸಂಖ್ಯೆಯು ಉದ್ಯಮದ ಯಜಮಾನನ ಅಥವಾ ಯಜಮಾನಿಯ ಹೆಸರಿನಲ್ಲೇ ಇರತಕ್ಕದ್ದು. ಸಾಲ ಯಾರ ಹೆಸರಿನಲ್ಲಿದೆಯೋ ಅವರದೇ ಹೆಸರಾದರೆ ಇನ್ನೂ ಒಳ್ಳೆಯದು. ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ, ರಕ್ತಸಂಬಂಧಿಗಳ ಮತ್ತು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಕಂಪನಿಯ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಿಕೊಂಡರೆ ತೊಡಕು ಕಡಿಮೆ. ಈ ಕೆಲಸವನ್ನು ಸ್ನೇಹ ಇರುವಾಗಲೇ ಮುಗಿಸಬೇಕು. ರೈತ ಉತ್ಪಾದಕರ ಕಂಪನಿಗಳಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ಇದೇ ಕಷ್ಟ ಬೇರೆ ರೂಪದಲ್ಲಿದೆ. ಕಾರ್ಯದರ್ಶಿಯ ಸ್ವಂತ ನಂಬರೇ ಸಂಘದ ನಂಬರಾಗಿರುತ್ತದೆ. ಕಾರ್ಯದರ್ಶಿ ಬದಲಾದರೆ ಖರೀದಿದಾರರ ಪರಿಚಯವೆಲ್ಲ ಆತನ ಜೊತೆಗೇ ಹೊರಟುಹೋಗುತ್ತದೆ. ನೋಂದಾಯಿತ ಕಂಪನಿಗಳು ಸಂಸ್ಥೆಯ ಹೆಸರಿನಲ್ಲೇ ಸಂಪರ್ಕ ಪಡೆಯಬಹುದು. ಅದನ್ನು ಬಳಸುವ ವ್ಯಕ್ತಿಯ ಗುರುತನ್ನೂ ಕೊಡಬೇಕಾಗುತ್ತದೆ. ಸಂಖ್ಯೆ ಸಂಘಕ್ಕೆ ಸೇರಿದ್ದು ಎಂದು ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆದಿಡುವುದನ್ನು ವಿಸ್ತರಣಾ ಕಾರ್ಯಕರ್ತರು ನೆನಪಿಸಬೇಕು.

ಎರಡನೆಯ ಸಂಗತಿ ಬ್ಯಾಂಕಿಗೆ ಸಂಬಂಧಪಟ್ಟದ್ದು. ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆಯನ್ನು ಫಲಕದ ಮೇಲೆ ಬರೆಸಬಾರದು. ರಸ್ತೆ ಬದಿಯ ಫಲಕವನ್ನು ಗಿರಾಕಿಯಷ್ಟೇ ಅಲ್ಲ, ಎಲ್ಲರೂ ಓದುತ್ತಾರೆ. "ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮಗೊಂದು ಓಟಿಪಿ ಬಂದಿದೆ, ಹೇಳಿ" ಎನ್ನುವ ಕಳ್ಳರಿಗೆ ಖಾತೆಯ ಸಂಖ್ಯೆಯೇ ಬಾಗಿಲು. ಜೊತೆಗೆ, ವ್ಯಾಪಾರದ ಫೋನನ್ನು ಕೆಲಸದ ಆಳು, ಮಗ, ಸೊಸೆ ಹೀಗೆ ನಾಲ್ಕು ಜನ ಹಿಡಿಯುತ್ತಾರೆ. ಖಾತೆಯ ಫೋನು ಒಬ್ಬರ ಕೈಯಲ್ಲೇ ಇರಬೇಕು. ಎರಡು ಸಿಮ್‌ಗಳು, ಸಾಧ್ಯವಾದರೆ ಎರಡು ಫೋನುಗಳು. ವ್ಯಾಪಾರಕ್ಕೆ ಒತ್ತುಗುಂಡಿಯ ಸಾದಾ ಫೋನಾದರೂ ಸಾಕು. ಒಮ್ಮೆ ಚಾರ್ಜ್ ಮಾಡಿದರೆ ಎರಡು ಮೂರು ದಿನ ಬರುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಫಲಕದ ಸಂಖ್ಯೆಯನ್ನೇ ಒತ್ತಿ ಯುಪಿಐ ಮೂಲಕ ಮುಂಗಡ ಹಣ ಕಳುಹಿಸಲು ಗಿರಾಕಿಗಳು ಪ್ರಯತ್ನಿಸುತ್ತಾರೆ. ಆ ಸಂಖ್ಯೆ ಹಿಂದೆ ಮನೆಯ ಬೇರೊಬ್ಬರ ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಹಣ ಪಾವತಿಗೆ ಬ್ಯಾಂಕು ಕೊಟ್ಟ ಕ್ಯೂಆರ್ ಚೀಟಿಯನ್ನು ಬೇರೆಯಾಗಿ ಅಂಟಿಸಿ, "ಹಣ ಈ ಚೀಟಿಗೆ ಮಾತ್ರ" ಎಂದು ಬರೆದಿಡುವುದು ಲೇಸು.

ಇನ್ನು ಯಾವ ಕಂಪನಿಯ ಸಿಮ್ ಎಂಬ ಪ್ರಶ್ನೆ. ಪೇಟೆಯಲ್ಲಿ ಯಾವುದು ಚೆನ್ನಾಗಿದೆ ಎಂದು ವಿಚಾರಿಸುವುದರಿಂದ ಪ್ರಯೋಜನವಿಲ್ಲ. ನೆರೆಹೊರೆಯವರಲ್ಲಿ ಬೇರೆ ಬೇರೆ ಕಂಪನಿಯ ಫೋನು ಇರುವ ಮೂರು ನಾಲ್ಕು ಜನರನ್ನು ಕರೆದುಕೊಂಡು ನರ್ಸರಿಯ ಒಳಗೆ, ಪಂಪುಮನೆಯಲ್ಲಿ, ಮನೆಯ ಹಿತ್ತಲಿನಲ್ಲಿ ನಿಂತು ಮಾತಾಡಿ ನೋಡಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಿದ್ಯುತ್ತು ಹೋದಾಗ ಒಮ್ಮೆ. ಕೆಲವು ಗೋಪುರಗಳು ವಿದ್ಯುತ್ತು ಹೋದ ಕೆಲವು ತಾಸಿನಲ್ಲಿ ಮೂಕವಾಗುತ್ತವೆ. ತಿಂಗಳಿಗೆ ಐವತ್ತು ರೂಪಾಯಿ ಕಡಿಮೆ ಎಂದು ಸಿಗ್ನಲ್ ಇಲ್ಲದ ಸಿಮ್ ಕೊಂಡವರು ಒಂದು ಟ್ರೇ ಸಸಿಯ ಬೆಲೆಯನ್ನು ಲೆಕ್ಕ ಹಾಕಿ ನೋಡಬೇಕು.

ಅಂಗಡಿಯವನು ಸಾಮಾನ್ಯವಾಗಿ ಕೆಲವು ಸಂಖ್ಯೆಗಳನ್ನು ತೋರಿಸಿ ಒಂದನ್ನು ಆರಿಸಲು ಹೇಳುತ್ತಾನೆ. ಕೂಡಿದರೆ ಒಂಬತ್ತು ಬರಬೇಕು, ಕೊನೆಗೆ ಎಂಟು ಬರಬಾರದು ಎಂದು ನೋಡುವವರಿದ್ದಾರೆ. ನೋಡಲಿ, ಅದರಿಂದ ನಷ್ಟವಿಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಸಂಖ್ಯೆಯನ್ನು ಬಾಯಲ್ಲಿ ಒಂದೇ ಸಲ ಹೇಳಿ, ಮನೆಯ ಹಿರಿಯರೊಬ್ಬರಿಗೆ ಬರೆದುಕೊಳ್ಳಲು ತಿಳಿಸಬೇಕು. ತಪ್ಪಿಲ್ಲದೆ ಬರೆದರೆ ಅದು ಒಳ್ಳೆಯ ಸಂಖ್ಯೆ. ಕನ್ನಡದಲ್ಲಿ ಜೋಡಿಯಾಗಿ ಹೇಳುವಾಗ ‘ಎಪ್ಪತ್ತು’, ‘ಎಂಬತ್ತು’ ಎಂಬವು ಟ್ರ್ಯಾಕ್ಟರಿನ ಸದ್ದಿನಲ್ಲಿ ಒಂದೇ ರೀತಿ ಕೇಳುತ್ತವೆ. ಇಂಗ್ಲಿಷಿನಲ್ಲಿ ಹೇಳುವಾಗ ‘ಫೈವ್’, ‘ನೈನ್’ ಹಾಗೆಯೇ. ಇಂಥವು ಅಕ್ಕಪಕ್ಕದಲ್ಲಿ ಬಾರದ, ಒಂದೆರಡು ಅಂಕಿಗಳು ಮತ್ತೆ ಮತ್ತೆ ಬರುವ ಸಂಖ್ಯೆ ಜನರ ನೆನಪಿನಲ್ಲಿ ನಿಲ್ಲುತ್ತದೆ. ಸಾವಿರಾರು ರೂಪಾಯಿ ಕೊಟ್ಟು ‘ಫ್ಯಾನ್ಸಿ’ ಸಂಖ್ಯೆ ಕೊಳ್ಳುವ ಅಗತ್ಯ ಸಣ್ಣ ಉದ್ಯಮಕ್ಕಿಲ್ಲ. ಮಧ್ಯವರ್ತಿಗಳಿಗಂತೂ ಹಣ ಕೊಡಲೇಬಾರದು.

ಹೊಸ ಸಿಮ್ ಎಂದರೆ ಹೊಸ ಸಂಖ್ಯೆ ಎಂದೇನೂ ಅಲ್ಲ. ಬಳಕೆಯಿಲ್ಲದೆ ಕಡಿತವಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಮತ್ತೊಬ್ಬರಿಗೆ ಕೊಡುತ್ತವೆ. ಹಿಂದಿನವರು ಸಾಲಗಾರರಾಗಿದ್ದರೆ ವಸೂಲಿಯವರ ಕರೆಗಳು ನರ್ಸರಿಗೆ ಬರುತ್ತವೆ! ಆದ್ದರಿಂದ ಸಂಖ್ಯೆ ಪಡೆದ ದಿನವೇ ಫಲಕ ಬರೆಸದೆ, ಹದಿನೈದು ದಿನ ಬಳಸಿ ಯಾರ ಯಾರ ಕರೆ ಬರುತ್ತದೆಂದು ನೋಡಬೇಕು. ಆ ಸಂಖ್ಯೆಗೆ ವಾಟ್ಸಾಪಿನಲ್ಲಿ ಬೇರೊಬ್ಬರ ಭಾವಚಿತ್ರ ಕಾಣುತ್ತದೆಯೇ ಎಂಬುದನ್ನೂ ಬೇರೆ ಫೋನಿನಿಂದ ಪರೀಕ್ಷಿಸಬಹುದು.

ಸ್ಥಿರ ದೂರವಾಣಿಯನ್ನು ಹಳೆಯದೆಂದು ತಳ್ಳಿಹಾಕಬೇಕಾಗಿಲ್ಲ. ಫೈಬರ್ ಇಂಟರ್‌ನೆಟ್ ಬಂದಿರುವ ಊರುಗಳಲ್ಲಿ ಅದರ ಜೊತೆಗೇ ಒಂದು ಸ್ಥಿರ ಸಂಖ್ಯೆ ಸಾಮಾನ್ಯವಾಗಿ ಸಿಗುತ್ತದೆ. ಅಂಗಡಿಯಂತೆ ಒಂದೇ ಜಾಗದಲ್ಲಿ ಕುಳಿತು ನಡೆಸುವ ವ್ಯಾಪಾರಕ್ಕೆ ಅದು ಅನುಕೂಲ. ಯಾರ ಜೇಬಿನಲ್ಲಿಯೂ ಹೊರಟುಹೋಗುವುದಿಲ್ಲ. ಫಲಕದಲ್ಲಿ ಎಸ್‌ಟಿಡಿ ಸಂಕೇತವನ್ನು ಸೇರಿಸಿಯೇ ಬರೆಸಬೇಕು. ಮೈಸೂರಿನವರು 0821 ಎಂದೂ ಹುಬ್ಬಳ್ಳಿ-ಧಾರವಾಡದವರು 0836 ಎಂದೂ ಬರೆಯದಿದ್ದರೆ ಹೊರಗಿನ ಗಿರಾಕಿಗೆ ಆ ಸಂಖ್ಯೆ ನಿಷ್ಪ್ರಯೋಜಕ. ಇಲ್ಲಿಂದ ಗಿರಾಕಿಯ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು. ಈ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ. ಇನ್ನು 1800ರಿಂದ ಪ್ರಾರಂಭವಾಗುವ ಉಚಿತ ಸಂಖ್ಯೆ. ಕಿಸಾನ್ ಕರೆ ಕೇಂದ್ರದ 1800-180-1551 ಇಂಥದು. ಇದರಲ್ಲಿ ಕರೆ ಮಾಡಿದವರಿಗೆ ಖರ್ಚಿಲ್ಲ, ಸಂಖ್ಯೆಯ ಒಡೆಯರು ಪ್ರತಿ ಕರೆಗೂ ಹಣ ತೆರಬೇಕು. ಹಲವು ಜಿಲ್ಲೆಗಳಲ್ಲಿ ವ್ಯವಹರಿಸುವ ದೊಡ್ಡ ಸಂಸ್ಥೆಗಳಿಗೆ ಬಿಟ್ಟರೆ ಉಳಿದವರಿಗೆ ಇದು ಬೇಕಾಗಿಲ್ಲ.

ಸಂಖ್ಯೆ ದೊರೆತ ಮೇಲೆ ಫೋನನ್ನು ಯಾರು ಎತ್ತಬೇಕೆಂದು ನಿರ್ಧರಿಸಬೇಕು. ನರ್ಸರಿಗೆ ಹೆಚ್ಚಿನ ಕರೆಗಳು ರೈತರು ಹೊಲಕ್ಕೆ ಹೋಗುವ ಮುಂಚೆ ಮತ್ತು ಸಂಜೆ ಮನೆಗೆ ಬಂದ ಮೇಲೆ ಬರುತ್ತವೆ. ನರ್ಸರಿಯವರು ನೀರು ಹಾಯಿಸುವ ಹೊತ್ತೂ ಅದೇ. ಆದ್ದರಿಂದ ಬೆಳಗಿನ ಹೊತ್ತು ಮನೆಯಲ್ಲಿರುವ ಒಬ್ಬರಿಗೆ ಫೋನಿನ ಹೊಣೆ ವಹಿಸಬೇಕು. ಪಕ್ಕದಲ್ಲಿ ಒಂದು ನೋಟುಪುಸ್ತಕ, ದಾರ ಕಟ್ಟಿದ ಪೆನ್ನು. ದಾರ ಕಟ್ಟದ ಪೆನ್ನು ಎರಡನೆಯ ದಿನ ಅಲ್ಲಿರುವುದಿಲ್ಲ. ಕರೆದವರ ಹೆಸರು, ಊರು, ತಳಿ, ಎಷ್ಟು ಸಸಿ, ಯಾವ ದಿನಕ್ಕೆ ಬೇಕು ಎಂಬ ಐದು ವಿವರಗಳನ್ನು ಬರೆದುಕೊಂಡರೆ ಆ ಪುಸ್ತಕವೇ ಬಿತ್ತನೆಯ ಯೋಜನೆಯೂ ಆಗುತ್ತದೆ. ಮುಂದಿನ ವಾರ ಎಷ್ಟು ಟ್ರೇ ಬಿತ್ತಬೇಕೆಂದು ಊಹಿಸಬೇಕಾಗಿಲ್ಲ. ತಪ್ಪಿದ ಕರೆಗಳಿಗೆ ಅಂದೇ ಸಂಜೆಯೊಳಗೆ ಮರಳಿ ಕರೆ ಮಾಡಬೇಕು. ಕರೆ ಎತ್ತದಿದ್ದಾಗ ಅದು ಇನ್ನೊಂದು ಫೋನಿಗೆ ಹೋಗುವಂತೆ ಮಾಡುವ ವ್ಯವಸ್ಥೆ ಫೋನಿನ ಸೆಟ್ಟಿಂಗಿನಲ್ಲೇ ಇರುತ್ತದೆ. ಅಪರಿಚಿತರು ಕರೆ ಮಾಡಿ "ಈ ನಕ್ಷತ್ರದ ಗುರುತಿನ ಸಂಕೇತ ಒತ್ತಿ" ಎಂದರೆ ಒತ್ತಬಾರದು. ಕರೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವ ವಂಚನೆ ಅದು.

ವಾಟ್ಸಾಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ 2018ರಿಂದ ಬಳಕೆಯಲ್ಲಿದೆ. ಅದರಲ್ಲಿ ನರ್ಸರಿಯ ಹೆಸರು, ದಾರಿ, ವೇಳೆ, ಸಸಿಗಳ ಚಿತ್ರ ಹಾಕಿಡಬಹುದು. ರಾತ್ರಿ ಬಂದ ಸಂದೇಶಕ್ಕೆ "ಬೆಳಿಗ್ಗೆ ಉತ್ತರಿಸುತ್ತೇವೆ" ಎಂದು ತಾನಾಗಿ ಹೋಗುವಂತೆಯೂ ಮಾಡಬಹುದು. ಸ್ಥಿರ ದೂರವಾಣಿಯ ಸಂಖ್ಯೆಗೂ ಇದನ್ನು ಜೋಡಿಸಲು ಸಾಧ್ಯ. ಪರಿಶೀಲನೆಯ ಸಂಕೇತವನ್ನು ಸಂದೇಶದ ಬದಲು ಕರೆಯ ಮೂಲಕ ಪಡೆಯಬೇಕು. ಎರಡು ಹಂತದ ಪರಿಶೀಲನೆ ಎಂಬಲ್ಲಿ ಆರು ಅಂಕಿಯ ಗುಟ್ಟಿನ ಸಂಖ್ಯೆಯನ್ನು ಮರೆಯದೆ ಹಾಕಬೇಕು.

ಕಂಪನಿಯ ಸೇವೆ ಕೆಟ್ಟರೆ ಸಂಖ್ಯೆಯನ್ನು ಬಿಡಬೇಕಾಗಿಲ್ಲ. ಸಂಖ್ಯೆ ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಒಂದು ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಬಾಕಿ ಇರಬಾರದು. ‘ಪೋರ್ಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಸ್ವಲ್ಪ ಜಾಗ ಬಿಟ್ಟು ತಮ್ಮ ಸಂಖ್ಯೆ ಬರೆದು 1900ಕ್ಕೆ ಸಂದೇಶ ಕಳುಹಿಸಿದರೆ ಒಂದು ಸಂಕೇತ ಬರುತ್ತದೆ. ಅದು ನಮ್ಮ ರಾಜ್ಯದಲ್ಲಿ ನಾಲ್ಕು ದಿನ ಊರ್ಜಿತ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಡನೆ ಹೋದರೆ ರಾಜ್ಯದೊಳಗಿನ ಬದಲಾವಣೆಗೆ ಸಾಮಾನ್ಯವಾಗಿ ಮೂರು ಕೆಲಸದ ದಿನ ಹಿಡಿಯುತ್ತದೆ. ಸಸಿ ಹೊರಡುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಹಂಗಾಮು ಇಲ್ಲದ ತಿಂಗಳುಗಳಲ್ಲಿ ರೀಚಾರ್ಜು ಮಾಡಿಸದೆ ಬಿಡುವವರು ಹೆಚ್ಚು. ಕರೆ, ಸಂದೇಶ, ಇಂಟರ್‌ನೆಟ್ ಯಾವುದೂ ಇಲ್ಲದೆ 90 ದಿನ ಸುಮ್ಮನಿದ್ದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ಕಡಿದುಹಾಕಬಹುದು. ಆಮೇಲೆ ಅದು ಬೇರೊಬ್ಬರ ಪಾಲಾಗುತ್ತದೆ. ಬೀಜಕ್ಕೆ ತೆಗೆದಿಡುವಂತೆ ರೀಚಾರ್ಜಿಗೂ ಹಣ ತೆಗೆದಿಡಬೇಕು. ಅನಿವಾರ್ಯವಾಗಿ ಸಂಖ್ಯೆ ಬದಲಾಯಿಸಿದರೂ ಹಳೆಯದನ್ನು ಕನಿಷ್ಠ ಒಂದು ವರ್ಷ ಜೀವಂತ ಇಟ್ಟು, ಕರೆದವರಿಗೆಲ್ಲ ಹೊಸದನ್ನು ತಿಳಿಸಬೇಕು.

ಸಿಮ್ ಕಳೆದರೆ ಗಾಬರಿ ಬೇಡ. ಯಾರ ಹೆಸರಿನಲ್ಲಿದೆಯೋ ಅವರೇ ದಾಖಲೆಯೊಡನೆ ಹೋದರೆ ಅದೇ ಸಂಖ್ಯೆಯ ಬದಲಿ ಸಿಮ್ ಸಿಗುತ್ತದೆ. ಮೊದಲ 24 ಗಂಟೆ ಅದರಲ್ಲಿ ಸಂದೇಶಗಳು ಬರುವುದಿಲ್ಲ, ಹೋಗುವುದಿಲ್ಲ. ಇದು ವಂಚನೆ ತಡೆಯಲು ಮಾಡಿದ ನಿಯಮ. ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು. ವಿಸ್ತರಣಾ ಕಾರ್ಯಕರ್ತರು ತರಬೇತಿಗೆ ಬಂದ ರೈತರಿಂದ ಇದನ್ನು ಅಲ್ಲಿಯೇ ಮಾಡಿಸಲಿ. ಅರ್ಧ ಗಂಟೆ ಸಾಕು.