ದೀಪ ಆರಿದ್ದರೆ ಕರೆಂಟಿಲ್ಲವೆಂದು ಅರ್ಥವಲ್ಲ

(ಹೊಸೂರಿನಲ್ಲಿ ಕಾರ್ಮಿಕ ಬಂಧುಗಳ ಸಂಜೆ ತರಗತಿಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಮಾತನಾಡಲಿರುವುದು ಬಹಳ ಸಣ್ಣ ವಸ್ತುವಿನ ಬಗ್ಗೆ. ಭತ್ತದ ಕಾಳಿನಷ್ಟು ಮೈ, ಮೈಮೇಲೆ ನಾಲ್ಕು ಬಣ್ಣದ ಪಟ್ಟಿ, ಎರಡು ಕಡೆ ತಂತಿ. ಇದರ ಹೆಸರು ರೆಸಿಸ್ಟರ್. ಒಂದು ಲೋಟ ಚಹಾದ ಬೆಲೆಯೂ ಇದಕ್ಕಿಲ್ಲ. ಆದರೆ ಎಲ್.ಇ.ಡಿ. ದೀಪಕ್ಕೆ ಇದನ್ನು ಸರಿಯಾಗಿ ಆರಿಸದೆ ನಮ್ಮ ಕೈಯಿಂದಲೇ ಒಂದು ತಪ್ಪು ನಡೆದುಹೋಯಿತು. ಅದನ್ನು ತಮ್ಮ ಮುಂದೆ ಒಪ್ಪಿಕೊಂಡು ಪಾಠಕ್ಕೆ ಹೋಗುತ್ತೇವೆ.

ಒಂದು ವರ್ಕ್‌ಶಾಪಿನಲ್ಲಿ ಯಂತ್ರದ ಪ್ಯಾನೆಲಿನ ಕೆಂಪು ದೀಪ ಕೆಟ್ಟಿತ್ತು. ಯಂತ್ರಕ್ಕೆ ಕರೆಂಟು ಬರುತ್ತಿದೆ ಎಂದು ತೋರಿಸುವ ದೀಪ ಅದು. 24 ವೋಲ್ಟಿನ ಡಿ.ಸಿ. ಲೈನು. ನಾವು ಹೊಸ ಎಲ್.ಇ.ಡಿ. ತಂದು, ಡಬ್ಬಿಯಲ್ಲಿ ಸಿಕ್ಕಿದ 1.2 ಕಿಲೋ ಓಂ, ಕಾಲು ವಾಟಿನ ರೆಸಿಸ್ಟರನ್ನು ಅದಕ್ಕೆ ಬೆಸೆದೆವು. ದೀಪ ಚೆನ್ನಾಗಿ ಉರಿಯಿತು. ಎಲ್ಲರೂ ಶಹಭಾಸ್ ಅಂದರು. ಕೆಲವು ವಾರಗಳ ಮೇಲೆ ಒಂದು ದಿನ ದೀಪ ಆರಿತ್ತು. ಕರೆಂಟು ಹೋಗಿದೆಯೆಂದು ನಂಬಿದ ಒಬ್ಬ ಸಹೋದರ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಲು ಹೊರಟ. ಒಳಗಿನ ಫ್ಯಾನಿನ ಸದ್ದು ಕೇಳಿಸಿ ಪಕ್ಕದವನು ಕೂಗಿದ್ದರಿಂದ ಆ ಕೈ ಉಳಿಯಿತು. ಪ್ಯಾನೆಲ್ ತೆರೆದು ನೋಡಿದರೆ ನಮ್ಮ ರೆಸಿಸ್ಟರ್ ಹುರಿದ ಹುಣಸೆಬೀಜದಂತೆ ಕಪ್ಪಾಗಿತ್ತು. ಎಲ್.ಇ.ಡಿ. ಮಾತ್ರ ನೆಟ್ಟಗಿತ್ತು.

ನಾವು ಎಲ್ಲಿ ತಪ್ಪಿದೆವು? ಹಂತ ಹಂತವಾಗಿ ನೋಡೋಣ.

ಹಳೆಯ ತಂತಿಯ ಬಲ್ಬು ಬಿಸಿಯಾದಂತೆ ಅದರ ತಡೆ ಹೆಚ್ಚುತ್ತದೆ. ಹೀಗಾಗಿ ಅದು ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುತ್ತದೆ. ಎಲ್.ಇ.ಡಿ.ಗೆ ಈ ಗುಣವಿಲ್ಲ. ವೋಲ್ಟೇಜು ತುಸು ಏರಿದರೆ ಪ್ರವಾಹ ಬಹಳ ಏರುತ್ತದೆ, ಬಿಸಿಯಾದರೆ ಇನ್ನೂ ಹೆಚ್ಚು ಎಳೆದುಕೊಳ್ಳುತ್ತದೆ. ಕೆರೆಯ ನೀರನ್ನು ಗದ್ದೆಗೆ ಬಿಡಲು ತೂಬು ಬೇಕಲ್ಲವೇ? ಎಲ್.ಇ.ಡಿ.ಗೆ ರೆಸಿಸ್ಟರೇ ಆ ತೂಬು.

ತೂಬಿನ ಅಳತೆಗೆ ಮೂರು ಸಂಗತಿ ತಿಳಿದಿರಬೇಕು. ಮೊದಲನೆಯದು, ಲೈನಿನ ವೋಲ್ಟೇಜು. ಎರಡನೆಯದು, ದೀಪ ತಾನು ಬಳಸುವ ವೋಲ್ಟೇಜು: ಕೆಂಪಿಗೆ ಸುಮಾರು 2, ನೀಲಿ ಮತ್ತು ಬಿಳಿಗೆ ಸುಮಾರು 3. ಮೂರನೆಯದು, ಬಿಡಬೇಕಾದ ಪ್ರವಾಹ. ಸಾಮಾನ್ಯ 5 ಮಿಲಿಮೀಟರ್ ದೀಪಕ್ಕೆ 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್ ಎಂದು ಲೆಕ್ಕ ಹಿಡಿಯುತ್ತಾರೆ. ಲೈನಿನ ವೋಲ್ಟಿನಿಂದ ದೀಪದ ವೋಲ್ಟನ್ನು ಕಳೆಯಿರಿ; ಉಳಿದುದನ್ನು ಆಂಪಿಯರಿನಿಂದ ಭಾಗಿಸಿರಿ. ಬಂದದ್ದೇ ಓಂ.

ನಮ್ಮ ಪ್ಯಾನೆಲಿನಲ್ಲಿ 24ರಲ್ಲಿ 2 ಕಳೆದರೆ 22. ಅದನ್ನು 0.02ರಿಂದ ಭಾಗಿಸಿದರೆ 1,100 ಓಂ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಲು 1,000 ಆದ ಮೇಲೆ 1,200. ಯಾವಾಗಲೂ ಮೇಲಿನದನ್ನೇ ಆರಿಸಬೇಕು. ಇಲ್ಲಿಯವರೆಗೆ ನಾವು ಸರಿ ಇದ್ದೆವು.

ನಾವು ಮರೆತದ್ದು ನಾಲ್ಕನೆಯ ಸಂಗತಿ: ಬಿಸಿ. ರೆಸಿಸ್ಟರ್ ತಡೆದ ವೋಲ್ಟು ಎಲ್ಲಿಗೂ ಮಾಯವಾಗುವುದಿಲ್ಲ, ಶಾಖವಾಗುತ್ತದೆ. 22 ವೋಲ್ಟನ್ನು ಹರಿಯುವ 0.018 ಆಂಪಿಯರಿನಿಂದ ಗುಣಿಸಿದರೆ ಸುಮಾರು 0.4 ವಾಟು. ಕಾಲು ವಾಟು ಅಂದರೆ 0.25. ಐವತ್ತು ಕಿಲೋ ಹೊರುವವನ ತಲೆಯ ಮೇಲೆ ಎಂಬತ್ತು ಕಿಲೋ ಮೂಟೆ ಹೇರಿದಂತಾಯಿತು. ಮೊದಲ ದಿನ ಹೊತ್ತಾನು, ದಿನವೂ ಹೊರಲಾರ. ಲೆಕ್ಕದಲ್ಲಿ ಬಂದ ವಾಟಿನ ಎರಡರಷ್ಟು ತಾಳುವುದನ್ನು ಹಾಕಬೇಕು. ಇಲ್ಲಿ ಒಂದು ವಾಟಿನದು ಬೇಕಾಗಿತ್ತು.

ಇನ್ನೊಂದು ದಾರಿಯೂ ಇದೆ, ಅದೇ ಉತ್ತಮ. ಇಂದಿನ ಎಲ್.ಇ.ಡಿ.ಗಳು 5 ಮಿಲಿಆಂಪಿಯರಿಗೇ ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಈಗ ಅಲ್ಲಿ 4.7 ಕಿಲೋ ಓಂ ಹಾಕಿದ್ದೇವೆ. ಪಟ್ಟಿಗಳು ಹಳದಿ, ನೇರಳೆ, ಕೆಂಪು. ಶಾಖ ವಾಟಿನ ಹತ್ತನೆಯ ಒಂದು ಭಾಗ ಮಾತ್ರ. ಕಾಲು ವಾಟಿನದೇ ಸಾಕು, ಮುಟ್ಟಿದರೆ ಕೈ ಸುಡುವುದಿಲ್ಲ.

ಲಾರಿ, ಆಟೋ ಓಡಿಸುವ ಬಂಧುಗಳು ಗಮನಿಸಬೇಕು. 12 ವೋಲ್ಟಿನ ಬ್ಯಾಟರಿ ಇಂಜಿನ್ ಓಡುವಾಗ 14 ವೋಲ್ಟ್ ದಾಟುತ್ತದೆ. ಲೆಕ್ಕವನ್ನು 14.4ಕ್ಕೆ ಹಾಕಿರಿ. ಕೆಂಪು ದೀಪಕ್ಕೆ 10 ಮಿಲಿಆಂಪಿಯರ್ ಬಿಟ್ಟರೆ 1,240 ಓಂ ಬರುತ್ತದೆ, 1.5 ಕಿಲೋ ಓಂ ಹಾಕಿರಿ.

ಹಲವು ದೀಪಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವಾಗ ಎಲ್ಲಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಬೇಡಿರಿ. ಒಂದೇ ಪೊಟ್ಟಣದ ದೀಪಗಳೂ ತದ್ರೂಪವಲ್ಲ. ಒಂದು ಹೆಚ್ಚು ಎಳೆದುಕೊಂಡು ಮೊದಲು ಸಾಯುತ್ತದೆ, ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್ ಇರಲಿ.

ಮನೆಯ 230 ವೋಲ್ಟಿಗೆ ಮಾತ್ರ ಈ ಲೆಕ್ಕ ಹಿಡಿದು ಹೋಗಬೇಡಿರಿ. ಅದು ಎ.ಸಿ.; ಅದರ ತುದಿ 325 ವೋಲ್ಟ್ ಮುಟ್ಟುತ್ತದೆ, ತಿರುಗಿಯೂ ಹರಿಯುತ್ತದೆ. ಸಾಮಾನ್ಯ ಎಲ್.ಇ.ಡಿ. ತಾಳುವ ಹಿಮ್ಮುಖ ವೋಲ್ಟೇಜು ಸುಮಾರು 5 ಮಾತ್ರ. ಅಲ್ಲಿಗೆ ಅದಕ್ಕೆಂದೇ ತಯಾರಾದ ದೀಪವನ್ನು ಕೊಳ್ಳಿರಿ.

ಲೆಕ್ಕವೆಂದರೆ ಹೆದರುವವರಿಗೆ ಒಂದು ಮಾತು. ಈ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಂ ಒಬ್ಬ ಶಾಲಾ ಮಾಸ್ತರರು. ಅವರ ತಂದೆ ಬೀಗದ ಕೆಲಸದವರು; ತಾವೇ ಓದಿ ಕಲಿತು ಮಗನಿಗೆ ಗಣಿತ ಹೇಳಿಕೊಟ್ಟವರು. ಈ ವಿದ್ಯೆ ಕೈಕೆಲಸದವರ ಮನೆಯಿಂದಲೇ ಬಂದಿದೆ.

ಕೊನೆಗೆ, ರೆಸಿಸ್ಟರನ್ನು ಎಷ್ಟೇ ಸರಿಯಾಗಿ ಆರಿಸಿದರೂ ಒಂದು ದಿನ ದೀಪ ಕೆಡಬಹುದು. ಉರಿಯುವ ದೀಪ ಕರೆಂಟು ಇದೆ ಎಂದು ಹೇಳುತ್ತದೆ. ಆರಿದ ದೀಪ ಏನನ್ನೂ ಹೇಳುವುದಿಲ್ಲ. ಆದುದರಿಂದ ಮುಚ್ಚಳ ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸಿ ಬೀಗ ಹಾಕಿರಿ. ಮೀಟರನ್ನು ಕರೆಂಟಿರುವ ಕಡೆ ಹಿಡಿದು ಅದು ಸರಿಯಿದೆಯೆಂದು ತಿಳಿದುಕೊಂಡು, ಆಮೇಲೆ ಯಂತ್ರದಲ್ಲಿ ಪರೀಕ್ಷಿಸಿರಿ. ಆ ನಂತರವೇ ಕೈ ಹಾಕಿರಿ. ನಮ್ಮ ತಪ್ಪಿನಿಂದ ಒಬ್ಬ ಸಹೋದರನ ಬೆರಳುಗಳು ಹೋಗಬೇಕಾಗಿತ್ತು, ಹೋಗಲಿಲ್ಲ. ಅದಕ್ಕಾಗಿಯೇ ಈ ಪಾಠವನ್ನು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದೇವೆ. ತಾವೂ ತಮ್ಮ ಪಕ್ಕದಲ್ಲಿ ನಿಂತು ದುಡಿಯುವವರಿಗೆ ಹೇಳಿರಿ.