ಕಸಿ ಅಂಗವನ್ನು ಕಾಯುವ ಗುಳಿಗೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ದೊಡ್ಡ ಕಾಯಿಲೆಗೆ ಬೆಳಗಾವಿ, ಮಿರಜ, ಕೊಲ್ಲಾಪುರದ ದಾರಿ ಹಿಡಿಯುತ್ತಾರೆ. ಕಿಡ್ನಿ ಕಸಿಯಾಗಿ ಊರಿಗೆ ಮರಳಿದವರ ಮನೆಯಲ್ಲಿ 'ಇನ್ನು ಎಲ್ಲ ಮುಗಿಯಿತು' ಎಂಬ ನೆಮ್ಮದಿ ಸಹಜ. ಆದರೆ ನಿಜವಾದ ಕಾಳಜಿ ಆರಂಭವಾಗುವುದೇ ಆಗ.

ನಮ್ಮ ರಕ್ತದ ಬಿಳಿಕಣಗಳು ಹೊರಗಿನಿಂದ ಬಂದದ್ದನ್ನು ವೈರಿಯೆಂದು ಎದುರಿಸುತ್ತವೆ. ತಾಯಿ ಕೊಟ್ಟ ಕಿಡ್ನಿಯೂ ಅವಕ್ಕೆ ಪರಕೀಯವೇ. 1954ರಲ್ಲಿ ಬೋಸ್ಟನ್ನಿನಲ್ಲಿ ಮೊದಲ ಕಿಡ್ನಿ ಕಸಿ ಯಶಸ್ವಿಯಾದದ್ದು ತದ್ರೂಪಿ ಅವಳಿಗಳ ನಡುವೆ. ಆದ್ದರಿಂದಲೇ ದೇಹ ಅದನ್ನು ತಿರಸ್ಕರಿಸಲಿಲ್ಲ. ಉಳಿದವರಿಗೆ ದಾರಿ ತೆರೆದದ್ದು ಔಷಧಿ. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್, 1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್ ದೊರೆತವು. ಇವು ಬಿಳಿಕಣಗಳ ದಾಳಿಯನ್ನು ತಗ್ಗಿಸುತ್ತವೆ.

ಪ್ರಮಾಣ ಕಡಿಮೆಯಾದರೆ ಅಂಗ ಕೈಬಿಡುತ್ತದೆ. ಹೆಚ್ಚಾದರೆ ಸೋಂಕು ತಗಲುತ್ತದೆ, ಕಿಡ್ನಿಗೇ ಪೆಟ್ಟು ಬೀಳುತ್ತದೆ. ಅದಕ್ಕೇ ಆಗಾಗ ರಕ್ತಪರೀಕ್ಷೆ. ಚಕ್ಕೋತ ಹಣ್ಣು, ಕೇಳದೆ ತಿಂದ ನಾಟಿ ಮದ್ದು ಕೂಡ ಈ ಲೆಕ್ಕ ತಪ್ಪಿಸಬಲ್ಲವು.

ಟ್ಯಾಕ್ರೋಲಿಮಸ್ ಗುಳಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ನಮ್ಮಲ್ಲಿ ಸಹರಿಯಿಂದ ಇಫ್ತಾರಿನವರೆಗಿನ ಹೊತ್ತು ಅದಕ್ಕಿಂತ ಹೆಚ್ಚು, ನೀರೂ ಇರುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ರೋಜಾ ಹಿಡಿಯಬಾರದು. ರೋಗಿಗೆ ದೀನ್ ರಿಯಾಯಿತಿ ಕೊಟ್ಟೇ ಇದೆ. 'ಈಗ ಆರಾಮ ಅದೀನಿ' ಎಂದಾಗಲಿ, ದುಬಾರಿಯೆಂದಾಗಲಿ ಗುಳಿಗೆ ಬಿಡುವುದು ಅಪಾಯ. ಖರ್ಚಿನ ತೊಂದರೆಯನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿರಿ.

ವಿದ್ಯಾರ್ಥಿಗಳೇ, ಓಣಿಯಲ್ಲಿ ಅಂಥವರಿದ್ದರೆ ದಿನಾ ಒಂದು ಮಾತು ಕೇಳಿ: 'ಕಾಕಾ, ಗುಳಿಗಿ ತೊಗೊಂಡಿರೇನ್ರಿ?' ನೀವು ಕಲಿತ ವಿಜ್ಞಾನ ಅಷ್ಟರಲ್ಲೇ ಒಂದು ಜೀವಕ್ಕೆ ಆಸರೆಯಾದೀತು.